ಗಂಗವ್ವನ ಬಾಯಿಗೆ ಬೂದಿನೀರು

"ಲೇ, ಗಂಗವ್ವನ ಬಾಯಿಗೆ ಬೂದಿನೀರು ಹಾಕಾಕ ಹತ್ತೀಯೇನ?"

ಸಿರುಗುಪ್ಪದ ತಮ್ಮ ಕೇರಿಯಲ್ಲಿ ಬಾವಿ ಕೊರೆಯುತ್ತಿದ್ದ ಹುಲುಗಪ್ಪ ಹೆಂಡತಿ ತಿಪ್ಪಮ್ಮನ ಮೇಲೆ ಹರಿಹಾಯ್ದ. ನೆಲ ಮೆತ್ತಗಾಗಲೆಂದು ಅವನು ದಿನವೂ ತಿಳಿನೀರಿಗೆ ಅರಿಸಿನ ಬೆರೆಸಿ, ನೀರಿನ ತಾಯಿ ಗಂಗವ್ವನಿಗೆ ಕೈಮುಗಿದು ಕೊರೆದ ತೂತಿಗೆ ಸುರಿಯುತ್ತಿದ್ದ. ದಿನವೂ ಒಳಗಿನ ಜೇಡಿಮಣ್ಣು ಉಬ್ಬಿ, ಕೊರೆಯುವ ಸರಳನ್ನು ಕಚ್ಚಿ ಹಿಡಿಯುತ್ತಿತ್ತು. ಇವತ್ತೂ ಸಿಕ್ಕಿಕೊಂಡು ಕೆಲಸ ನಿಂತರೆ, ಬಾಡಿಗೆಗೆ ತಂದ ಆ ಸರಳು ನಾಳೆ ಗಾಡಿ ಹತ್ತಿ ಬೇರೆಯವರ ಕೆಲಸಕ್ಕೆ ಕುರುಗೋಡಿಗೆ ಹೋಗುತ್ತದೆ. ತಿಪ್ಪಮ್ಮ ಮತ್ತೆ ಊರ ಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ಹಾಕಲೆಂದು ಕಾಯಬೇಕಾಗುತ್ತದೆ.

"ಬಟ್ಟಿ ನೆನೆಹಾಕಿದ ಬೂದಿನೀರಾಗ ಈ ಮಣ್ಣಿನ ಹೆಂಟಿ ಬಿದ್ದಿತ್ತು. ಬೆಳತನಕ ಉಬ್ಬಲಿಲ್ಲ, ಕರಗಲಿಲ್ಲ. ಅದಕ್ಕ ಮುಂಜಾನಿಂದ ಇದನ್ನ ಹಾಕೀನಿ," ಎಂದಳು ತಿಪ್ಪಮ್ಮ. "ಆಮ್ಯಾಲ ಬೈಯುವಂತಿ, ಮೊದಲು ಜಗ್ಗು."

ಗಂಗವ್ವ ಮುನಿದಳೆಂದೇ ಹುಲುಗಪ್ಪನಿಗೆ ಖಾತ್ರಿಯಾಗಿತ್ತು. ಹಲ್ಲು ಕಚ್ಚಿ, ಕಾಲು ಊರಿ, ಜೊತೆಯವರೊಂದಿಗೆ ಹಗ್ಗವನ್ನು ಮೈಯೆಲ್ಲ ಬಲ ಹಾಕಿ ಜಗ್ಗಿದ. ಸರಳು ಸಲೀಸಾಗಿ ಎದ್ದು ಬಂತು, ಅವನು ಅಂಗಾತ ಬಿದ್ದ. ನಕ್ಕವರು ಸರಳಿನತ್ತ ಬಗ್ಗಿದರು. ಸರಳಿನ ಸುತ್ತ ಜೇಡಿ ಉಬ್ಬದೆ ಬೆಲ್ಲದ ಉಂಡೆಯಂತೆ ಗಟ್ಟಿಯಾಗಿಯೇ ಇತ್ತು. ತುದಿಯಲ್ಲಿ ಮರಳು ಅಂಟಿತ್ತು. ಹುಲುಗಪ್ಪ ಬಿದ್ದಲ್ಲಿಂದಲೇ ಕೈಚಾಚಿ ಅದನ್ನು ಮುಟ್ಟಿದ. ತಣ್ಣಗಿತ್ತು. ಹಿಂಡಿದರೆ ಬೆರಳ ಸಂದಿಯಿಂದ ನೀರು ಇಳಿಯಿತು.

ಅವನು ಎದ್ದು ಹೋಗಿ, ಊರ ಬಾವಿಗೆಂದು ಹೆಂಡತಿ ತೊಳೆದು ಇಟ್ಟಿದ್ದ ಕೊಡವನ್ನು ತಂದು ತೂತಿನ ಪಕ್ಕದಲ್ಲಿ ಇಟ್ಟ.

"ಇದು ಇನ್ನ ಇಲ್ಲೇ ಇರ್ಲಿ, ತಿಪ್ಪಮ್ಮ."