ಡಾಕ್ಟರು ಹೇಳಿದ ಕಸರತ್ತು

ಭತ್ತ ಕುಟ್ಟುವ ಕೆಲಸವನ್ನು ನಿನ್ನೊಬ್ಬಳ ಮೇಲೆ ಹಾಕುವುದಿಲ್ಲ ಎಂದು, ಕೊಡಗು ಮೈಸೂರಿಗೆ ಸೇರುವುದಕ್ಕೆ ಎಷ್ಟೋ ಮೊದಲು, ಮದುವೆಯಾದ ಹೊಸದರಲ್ಲಿ ಬೆಳ್ಯಪ್ಪ ಪೂವಮ್ಮನಿಗೆ ಮಾತು ಕೊಟ್ಟಿದ್ದ. ಈಗಲೂ ಅಂಗಳದಲ್ಲಿ ಅವಳೊಬ್ಬಳೇ ಒನಕೆ ಎತ್ತಿ ಹಾಕುತ್ತಿದ್ದಳು. ಅವನು ಜಗಲಿಯಲ್ಲಿ ಬನಿಯನ್ ತೊಟ್ಟು ನಿಂತು, ಬರಿಗೈಗಳನ್ನು ತಲೆಯ ಮೇಲಕ್ಕೆತ್ತಿ ಮಂಡಿಯವರೆಗೆ ಬೀಸುತ್ತ ಏದುಸಿರು ಬಿಡುತ್ತಿದ್ದ. ಮಡಿಕೇರಿಯ ಡಾಕ್ಟರು ಹೇಳಿದ್ದರು: ಮಂಡಿ ಹಾಳಾಗಿದೆ, ಓಡಬೇಡಿ, ಕಿವಿ ಸೋರುತ್ತಿದೆ, ಹೊಳೆಯಲ್ಲಿ ಈಜಬೇಡಿ, ಹೃದಯಕ್ಕೋಸ್ಕರ ದಿನಾ ಉಸಿರು ಏರುವಂಥ ಬೇರೇನಾದರೂ ಮಾಡಿ.

"ಅದೆಂಥದು ಮಾರಾಯ್ರೆ, ಗಾಳಿ ಕುಟ್ಟುವುದು?" ಪೂವಮ್ಮ ಮೆಟ್ಟಿಲು ಹತ್ತಿ ಬಂದು ಅವನ ಎತ್ತಿದ ಕೈಗೆ ಒನಕೆ ತುರುಕಿದಳು. "ಇಲ್ಲಿ ನನ್ನ ಭುಜ ಕಳಚಿ ಬೀಳ್ತಾ ಉಂಟು. ಹಿಡೀರಿ."

"ಗಂಡಸು ಒನಕೆ ಹಿಡಿದರೆ ಗಾಳಿಬೀಡು ಊರೆಲ್ಲ ನಗ್ತದೆ!"

"ಈಗ ನಿಮ್ಮನ್ನು ನೋಡಿ ಅಳ್ತಾ ಉಂಟಾ?"

ಅವನು ಒನಕೆಯನ್ನು ಗೋಡೆಗೆ ಒರಗಿಸಿದ. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೆಲಸದ ನಡುವೆ ಅವಳು ಹಾಗೆ ಕೂತದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಒರಳಿನ ಭತ್ತ ಅರ್ಧ ಕುಟ್ಟಿದ ಹಾಗೇ ಇತ್ತು, ಮಧ್ಯಾಹ್ನದ ಅನ್ನಕ್ಕೆ ಮನೆಯಲ್ಲಿ ಬೇರೆ ಅಕ್ಕಿ ಇರಲಿಲ್ಲ. ಕೋಳಿಯೊಂದು ಬಂದು ಒರಳಿಗೆ ಕೊಕ್ಕು ಹಾಕಿತು. ಅವಳು ಹುಶ್ ಅನ್ನಲಿಲ್ಲ.

ಬೆಳ್ಯಪ್ಪ ಹಲ್ಲು ಕಚ್ಚಿ, ಒನಕೆ ಎತ್ತಿಕೊಂಡು ಅಂಗಳಕ್ಕಿಳಿದ. "ಇದು ಡಾಕ್ಟರ ಮಾತಿಗೆ. ನಿನ್ನ ಮಾತಿಗಲ್ಲ."

"ಯಾರ ಮಾತಿಗಾದರೇನು, ಭತ್ತಕ್ಕೆ ಗೊತ್ತಾಗುದಿಲ್ಲ. ಕುಟ್ಟಿ."

ಅವನು ಕುಟ್ಟಿದ. ಕೊಟ್ಟ ಮಾತು ಹದಿನಾಲ್ಕು ವರ್ಷ ತಡವಾಗಿ ನಡೆಯಿತು.