ಅಮ್ಮನ ಹೊಲಿಗೆ

ಕೈ ಎತ್ತಿ ನಿಂತಿದ್ದ ಜರ್ಮನ್ ಸಿಪಾಯಿಯ ಸೊಂಟಕ್ಕೆ ತಮ್ಮನ ಬಿಳಿ ಪಟ್ಟಿ ಸುತ್ತಿರುವುದನ್ನು ಕಂಡು ಇಸಾಮು ಬಂದೂಕನ್ನು ಅವನ ಎದೆಗೆ ಗುರಿಯಿಟ್ಟ. ಮಕ್ಕಳಿಬ್ಬರೂ ಅಮೆರಿಕದ ಪಡೆ ಸೇರಿದಾಗ, ಅದೇ ಅಮೆರಿಕ ಇವರಂಥ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಮುಳ್ಳುತಂತಿಯ ಶಿಬಿರದಲ್ಲಿ ಅಮ್ಮ ಆ ಬಿಳಿ ಪಟ್ಟಿ ಹಿಡಿದು ಬಾಗಿಲು ಬಾಗಿಲು ಅಲೆದಿದ್ದಳು. ಕಟ್ಟಿಕೊಂಡವನು ಬದುಕಿ ಬರಲಿ ಎಂದು ಹೆಂಗಸರೆಲ್ಲ ಒಂದೊಂದು ಕೆಂಪು ಗಂಟು ಹಾಕಿದ್ದರು. ತಮ್ಮ ಮಿನೋರು ಅದನ್ನು ಕಟ್ಟಿಕೊಂಡೇ ನಿನ್ನೆ ಫ್ರಾನ್ಸಿನ ಇದೇ ಬೆಟ್ಟದಲ್ಲಿ ಸತ್ತಿದ್ದ.

"ಶರಣಾಗಿದಾನೆ ಕಣೋ, ಬಿಡು. ಹಿಡ್ಕೊಂಡು ಹೋದ್ರೆ ಕ್ಯಾಪ್ಟನ್ನು ಸಿಗರೇಟಾದ್ರೂ ಕೊಡ್ತಾನೆ," ಎಂದ ಹಿಂದಿದ್ದ ಗೆಳೆಯ ಟೋಕುವೊ.

"ಅಮ್ಮನ ಹೊಲಿಗೆ ತೂತಾಗಬಾರದು. ಮೊದಲು ಬಿಚ್ಚಲಿ." ಇಸಾಮು ಬಂದೂಕಿನ ತುದಿಯಿಂದ ಪಟ್ಟಿಯನ್ನು ತೋರಿಸಿದ.

ಜರ್ಮನ್ ಕೈ ಇಳಿಸಿ ಒಂದು ಸುತ್ತು ಸಡಿಲಿಸಿದ. ಹೊಟ್ಟೆಯ ಗಾಯದಿಂದ ರಕ್ತ ಉಕ್ಕಿತು. ಅವನ ಜೀವವನ್ನು ಹಿಡಿದಿದ್ದುದು ಆ ಬಟ್ಟೆಯೊಂದೇ. ಇಸಾಮು ಬಂದೂಕು ಇಳಿಸಿದ. ಟೋಕುವೊ ಸಮಾಧಾನದ ಉಸಿರು ಬಿಟ್ಟ.

ಇಸಾಮು ಪಟ್ಟಿಯ ತುದಿ ಹಿಡಿದು, ನಿಧಾನವಾಗಿ, ಕೊನೆಯ ಸುತ್ತಿನವರೆಗೂ ಎಳೆದುಕೊಂಡ.

"ಅಮ್ಮ ಕೇಳಿದ್ರೆ ಯಾರ ರಕ್ತ ಅಂತೀಯೋ?" ಟೋಕುವೊನ ದನಿ ಸಣ್ಣದಾಗಿತ್ತು.

"ಮಿನೋರುದು ಅಂತೀನಿ."

ಪಟ್ಟಿಯನ್ನು ಇಸಾಮು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಅದಿನ್ನೂ ಬಿಸಿಯಾಗಿತ್ತು.