ಒಂದು ಚಮಚ ಎಣ್ಣೆ

ಹೆಚ್ಚಿದ ಗೆಣಸಿನ ಹೋಳುಗಳ ಮೇಲೆ ಇಲಿಯಾಸ್ ಒಂದು ಚಮಚ ಎಣ್ಣೆಯನ್ನು ಹನಿಹನಿಯಾಗಿ ಹಾಕಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮುಬಶಿರಾಗೆ, "ನೀ ಒಳಗ ಬರಬ್ಯಾಡ," ಎಂದ.

ಮೂರು ವರ್ಷದ ಹಿಂದೆ ಗುಡಗೇರಿ ಸಂತೆಯಲ್ಲಿ ಇಬ್ಬರೂ ತಮ್ಮ ಅಂಗಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದಾಗ ಅವನ ಮೊಣಕೈ ತಾಗಿ ಬಾಣಲೆ ಉರುಳಿತ್ತು. ಕಾದ ಎಣ್ಣೆ ಅವಳ ಬಲಗೈ ಮೇಲೆ ಚೆಲ್ಲಿತ್ತು. ಅಂಗಡಿ ಅವತ್ತೇ ಮುಚ್ಚಿತು. ಅಂದಿನಿಂದ ಮನೆಯ ಅಡುಗೆಯೆಲ್ಲ ಅವನದೇ. ಅವಳನ್ನು ಒಲೆಯ ಹತ್ತಿರ ಸುಳಿಯಲೂ ಬಿಟ್ಟಿರಲಿಲ್ಲ. ಮೊನ್ನೆ ಅವಳು ಗರಿಗರಿ ಗೆಣಸು ತಿನ್ನಬೇಕು ಅಂದಾಗ, ಹುಬ್ಬಳ್ಳಿಗೆ ಹೋಗಿ, ಬಾಣಲೆ ಎಣ್ಣೆ ಇಲ್ಲದೆ ಬಿಸಿಗಾಳಿಯಲ್ಲೇ ಕರಿಯುವ ಏರ್ ಫ್ರೈಯರ್ ಯಂತ್ರ ತಂದಿದ್ದ.

ಹೋಳುಗಳನ್ನು ಒಳಗಿಟ್ಟ ಹದಿನೈದು ನಿಮಿಷಕ್ಕೆ ಯಂತ್ರ ಟಿಣ್ ಎಂದಿತು. ಇಲಿಯಾಸ್ ಬೆಚ್ಚಿ ಹಿಂದೆ ಸರಿದ. ಮುಬಶಿರಾ ಸೀದಾ ಒಳಗೆ ಬಂದು, ಸುಟ್ಟು ಸುಕ್ಕುಗಟ್ಟಿದ ಬಲಗೈಯಿಂದಲೇ ಯಂತ್ರದ ಬುಟ್ಟಿಯನ್ನು ಹೊರಗೆಳೆದಳು.

"ಬಿಡು, ಸುಡತೈತಿ!" ಎಂದು ಚೀರಿದ.

"ನನ್ನ ಗಾಯ ಮಾಯ್ದು ಭಾಳ ದಿನ ಆತು. ನೀನ ಇನ್ನೂ ಅಂಜಕೋಂತ ಕುಂತೀ," ಎಂದಳು. ಕೆಂಪಗೆ ಬೆಂದ ಹೋಳೊಂದನ್ನು ಊದಿ ಅವನ ಬಾಯಿಗಿಟ್ಟಳು.

ಇಲಿಯಾಸ್ ಅದನ್ನು ನಿಧಾನಕ್ಕೆ ಅಗಿದು ನುಂಗಿದ. ಆಮೇಲೆ ಅವಳ ಕೈ ಹಿಡಿದುಕೊಂಡು, "ಮಾಫ್ ಮಾಡು," ಎಂದ. ಮೂರು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.